ಕ್ಯಾಶುಯಾಲ್ಟಿಗೆ ಬಂದವರ ಮಾತು ಕೇಳಿ ಆತ್ಮಹತ್ಯೆಯ ಅಪಾಯ ಹೇಳುವ ಸಾಫ್ಟ್‌ವೇರ್: ಎಷ್ಟು ನಂಬಬಹುದು?

ರಾತ್ರಿಪಾಳಿ | ಸೋಮವಾರ, ಬೆಳಿಗ್ಗೆ 8:40

ಎಲ್ಲರಿಗೂ ನಮಸ್ಕಾರ. ನಾನು ಎಮರ್ಜೆನ್ಸಿಯಲ್ಲಿ ನರ್ಸ್. 11 ವರ್ಷ ಆಯಿತು. ಈಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದೇನೆ, ಬರೆದದ್ದು ಸ್ವಲ್ಪ ಆಚೀಚೆ ಆದರೆ ಬೇಜಾರು ಮಾಡಿಕೊಳ್ಳಬೇಡಿ.

ವಿಷಯ ಇಷ್ಟು. ನಮ್ಮಲ್ಲಿಗೆ ಒಂದು ಕಂಪನಿಯವರು ಬಂದು ಡೆಮೊ ಕೊಟ್ಟರು. ರೋಗಿಯ ಮುಂದೆ ಟ್ಯಾಬ್ ಇಟ್ಟು ಕೆಲವು ಪ್ರಶ್ನೆ ಕೇಳಬೇಕಂತೆ. ಅವರು ಮಾತಾಡಿದ್ದನ್ನು ಅದು ರೆಕಾರ್ಡ್ ಮಾಡಿಕೊಳ್ಳುತ್ತದೆ, ಬರಹಕ್ಕೆ ಇಳಿಸುತ್ತದೆ, ಪದಗಳನ್ನೂ ದನಿಯನ್ನೂ ಲೆಕ್ಕ ಹಾಕುತ್ತದೆ. ಆಮೇಲೆ ಈ ಮನುಷ್ಯನಿಗೆ ಆತ್ಮಹತ್ಯೆಯ ಅಪಾಯ ಎಷ್ಟಿದೆ ಅಂತ ಬಣ್ಣ ತೋರಿಸುತ್ತದೆ. ಹಸಿರು, ಹಳದಿ, ಕೆಂಪು.

ಈಗ ನಾವು ಮಾಡುವುದು ಇದು: ಒಂದು ಫಾರ್ಮ್ ಇದೆ. "ಸಾಯಬೇಕು ಅನ್ನಿಸಿದೆಯಾ? ಹೌದು, ಇಲ್ಲ." ಪಕ್ಕದ ಬೆಡ್ಡಿನಲ್ಲಿ ಯಾರೋ ಕೂಗುತ್ತಿರುತ್ತಾರೆ. ಪರದೆ ಅರ್ಧ ಎಳೆದಿರುತ್ತದೆ. ಹೆಂಡತಿಯೋ ಅಪ್ಪನೋ ತಲೆಯ ಹತ್ತಿರವೇ ನಿಂತಿರುತ್ತಾರೆ. ಹೆಚ್ಚಿನವರು "ಇಲ್ಲ" ಅನ್ನುತ್ತಾರೆ. ನಾನು ಟಿಕ್ ಹಾಕುತ್ತೇನೆ. ಆದರೆ ಕೆಲವರ "ಇಲ್ಲ" ಕೇಳಿದಾಗ ಹೊಟ್ಟೆಯೊಳಗೆ ಏನೋ ತಿರುಚಿದ ಹಾಗಾಗುತ್ತದೆ. ಅದನ್ನು ಬರೆಯಲು ಫಾರ್ಮಿನಲ್ಲಿ ಜಾಗ ಇಲ್ಲ.

ಇದರ ಹಿಂದೆ ನಿಜವಾದ ಸಂಶೋಧನೆ ಇದೆಯಾ, ಇಲ್ಲ ಬರೀ ಮಾರಾಟದ ಮಾತಾ? ಟ್ಯಾಬ್ ಹಸಿರು ತೋರಿಸಿ, ನನ್ನ ಹೊಟ್ಟೆ ಕೆಂಪು ಅಂದರೆ ಯಾರ ಮಾತು ನಡೆಯಬೇಕು? ಶುಕ್ರವಾರ ಇದರ ಬಗ್ಗೆ ಮೀಟಿಂಗ್ ಇದೆ. ನನ್ನನ್ನೂ ಕರೆದಿದ್ದಾರೆ.

ನಿರ್ವಾಹಕ | ಸೋಮವಾರ, ಬೆಳಿಗ್ಗೆ 9:05

ಚರ್ಚೆ ಮುಂದುವರಿಯಲಿ. ಎರಡೇ ಮಾತು. ಯಾರೂ ವಿಧಾನಗಳ ಬಗ್ಗೆ ಬರೆಯಬೇಡಿ, ಅಳಿಸುತ್ತೇನೆ. ಓದುತ್ತಾ ಯಾರಿಗಾದರೂ ಒಳಗೆ ಭಾರ ಅನ್ನಿಸಿದರೆ ಚರ್ಚೆ ಆಮೇಲೆ ಓದಬಹುದು. ಮೊದಲು ಹತ್ತಿರದ ಒಬ್ಬರಿಗೆ ಹೇಳಿ, ಇಲ್ಲವೇ ನೀವಿರುವ ಕಡೆಯ ಸಹಾಯವಾಣಿಗೆ ಫೋನ್ ಮಾಡಿ. ನನಗೆ ಖಾಸಗಿ ಸಂದೇಶ ಹಾಕಿದರೂ ನಂಬರ್ ಹುಡುಕಿ ಕೊಡುತ್ತೇನೆ.

ಪದಎಣಿಕೆ | ಸೋಮವಾರ, ಬೆಳಿಗ್ಗೆ 11:20

ಭಾಷಾ ತಂತ್ರಜ್ಞಾನದಲ್ಲೇ ನನ್ನ ಕೆಲಸ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಸಂಶೋಧನೆ ಇದೆ, ಮತ್ತು ಅದು ಇವತ್ತು ನಿನ್ನೆಯದಲ್ಲ.

1949ರಲ್ಲಿ ಎಡ್ವಿನ್ ಶ್ನೈಡ್‌ಮನ್ ಅನ್ನುವ ಮನಶ್ಶಾಸ್ತ್ರಜ್ಞರಿಗೆ ಲಾಸ್ ಏಂಜಲೀಸ್‌ನ ಶವಪರೀಕ್ಷಾ ಕಚೇರಿಯ ಕಡತಗಳಲ್ಲಿ ರಾಶಿ ರಾಶಿ ಕೊನೆಯ ಪತ್ರಗಳು ಸಿಕ್ಕವು. ಅವರೂ ನಾರ್ಮನ್ ಫಾರ್ಬರೊ ಅವರೂ ಸೇರಿ ಒಂದು ಉಪಾಯ ಮಾಡಿದರು. ನಿಜವಾದ 33 ಪತ್ರ ತೆಗೆದುಕೊಂಡರು. ಅಂಥ ಯೋಚನೆ ಇಲ್ಲದ ಜನರಿಗೆ "ನೀವೇ ಬರೆಯುವುದಾದರೆ ಹೇಗೆ ಬರೆಯುತ್ತೀರಿ" ಅಂತ ಕೇಳಿ ಇನ್ನೂ 33 ಬರೆಸಿಕೊಂಡರು. ಎರಡನ್ನೂ ಹೋಲಿಸಿ 1957ರಲ್ಲಿ ಪ್ರಕಟಿಸಿದರು.

ಅರ್ಧ ಶತಮಾನ ಆದಮೇಲೆ ಅಮೆರಿಕದ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯಲ್ಲಿ ಜಾನ್ ಪೆಸ್ಟಿಯನ್ ಅವರ ತಂಡ ಅದೇ 66 ಪತ್ರಗಳನ್ನು ಕಂಪ್ಯೂಟರಿಗೆ ಕೊಟ್ಟಿತು. ಯಾವುದು ನಿಜ, ಯಾವುದು ಬರೆಸಿದ್ದು ಅಂತ ಹೇಳಬೇಕು. ಕಲಿಯುತ್ತಿದ್ದ ವೈದ್ಯರು ನೂರಕ್ಕೆ 49 ಸರಿ ಹೇಳಿದರು. ನಾಣ್ಯ ಚಿಮ್ಮಿದರೂ ಅಷ್ಟು ಬರುತ್ತದೆ, ಅಲ್ವಾ? ಅನುಭವಿ ಮನೋಚಿಕಿತ್ಸಕರು 63. ಕಂಪ್ಯೂಟರ್ 78. ಇದು 2010ರ ಮಾತು.

ಆದರೆ ಪತ್ರ ಸಿಗುವ ಹೊತ್ತಿಗೆ ಕಾಲ ಮೀರಿರುತ್ತದೆ. ಹಾಗಾಗಿ ಅವರು ಬದುಕಿರುವವರ ಮಾತಿನ ಕಡೆಗೆ ತಿರುಗಿದರು. ಎಮರ್ಜೆನ್ಸಿಗೆ ಬಂದ 60 ಹದಿಹರೆಯದವರು. ಅರ್ಧ ಮಂದಿ ಆತ್ಮಹತ್ಯೆಯ ಯೋಚನೆ ಅಥವಾ ಪ್ರಯತ್ನದಿಂದ ಬಂದವರು, ಇನ್ನರ್ಧ ಮೂಳೆ ಮುರಿದುಕೊಂಡಂಥ ಕಾರಣಕ್ಕೆ ಬಂದವರು. ಮಾತಿನಿಂದಲೇ ನೂರಕ್ಕೆ 90ಕ್ಕಿಂತ ಜಾಸ್ತಿ ಸರಿಯಾಗಿ ಬೇರ್ಪಟ್ಟರು. ಆಮೇಲೆ 2013ರ ಅಕ್ಟೋಬರಿನಿಂದ 2015ರ ಮಾರ್ಚ್‌ವರೆಗೆ 3 ಆಸ್ಪತ್ರೆಗಳಲ್ಲಿ 379 ಜನ. ಇಲ್ಲಿ ಮೂರು ಗುಂಪು: ಆತ್ಮಹತ್ಯೆಯ ಯೋಚನೆ ಇರುವವರು, ಮಾನಸಿಕ ಕಾಯಿಲೆ ಇದ್ದೂ ಆ ಯೋಚನೆ ಇಲ್ಲದವರು, ಎರಡೂ ಇಲ್ಲದವರು. ಮೊದಲ ಗುಂಪನ್ನು ಕೊನೆಯ ಗುಂಪಿನಿಂದ ಬೇರೆ ಮಾಡುವುದರಲ್ಲಿ 93ರ ತನಕ ಸರಿ ಬಂತು. ಮೂರನ್ನೂ ಬಿಡಿಸುವುದರಲ್ಲಿ 85.

ಅವರು ಕೇಳಿದ್ದು ಐದು ವಿಷಯ. ಮುಂದೆ ಒಳ್ಳೆಯದಾಗುತ್ತದೆ ಅನ್ನುವ ಆಸೆ ಇದೆಯಾ? ಭಯ ಇದೆಯಾ? ಯಾರಿಗೂ ಹೇಳದ ಗುಟ್ಟು ಇದೆಯಾ? ಸಿಟ್ಟು ಇದೆಯಾ? ಮನಸ್ಸಿಗೆ ನೋವಾಗುತ್ತಿದೆಯಾ? ಪ್ರಶ್ನೆ ಕೇಳಿ ಬಾಯಿ ಮುಚ್ಚಿಕೊಂಡು ಕೂರುವುದು, ಅಷ್ಟೇ. ನಿಮ್ಮ ಡೆಮೊದಲ್ಲಿ ಇಂಥವೇ ಪ್ರಶ್ನೆ ಇದ್ದವಾ?

ಯಂತ್ರ ಒಳಗೆ ಮಾಡುವುದು ಮಾಟಮಂತ್ರ ಏನಲ್ಲ. ಯಾವ ಪದ ಎಷ್ಟು ಸಲ ಬಂತು, ಯಾವ ಪದದ ಜೊತೆ ಯಾವುದು ಬಂತು, ಎಲ್ಲಿ ಎಷ್ಟು ಹೊತ್ತು ಸುಮ್ಮನಾದರು, ದನಿಯಲ್ಲಿ ಉಸಿರು ಎಷ್ಟು ಬೆರೆತಿತ್ತು. ಇಂಥ ಸಾವಿರಾರು ಅಂಕಿ. ಗೊತ್ತಿರುವ ಉದಾಹರಣೆ ತೋರಿಸಿದರೆ ಎರಡು ಗುಂಪಿನ ನಡುವೆ ಒಂದು ಗೆರೆ ಎಳೆಯುವುದನ್ನು ಕಲಿಯುತ್ತದೆ. ಆತ್ಮಹತ್ಯೆಯ ಯೋಚನೆ ಇಲ್ಲದವರು ಮಾತಿನ ನಡುವೆ ಜಾಸ್ತಿ ನಗುತ್ತಾರೆ, ಕಡಿಮೆ ನಿಟ್ಟುಸಿರು ಬಿಡುತ್ತಾರೆ ಅನ್ನುವುದನ್ನೂ ಆ ತಂಡ ಗಮನಿಸಿತು.

ನಿಮ್ಮ ಹೊಟ್ಟೆ ತಿರುಚುತ್ತದೆ ಅಂದಿರಲ್ಲ ಸಿಸ್ಟರ್, ಬಹುಶಃ ನೀವೂ ಅದನ್ನೇ ಕೇಳಿಸಿಕೊಳ್ಳುತ್ತಿದ್ದೀರಿ.

ಶೇಕಡಾಸಂಶಯ | ಸೋಮವಾರ, ಮಧ್ಯಾಹ್ನ 1:15

ಪದಎಣಿಕೆ ಅವರೇ, ಚೆನ್ನಾಗಿ ಬರೆದಿದ್ದೀರಿ. ಆದರೆ 93 ಅನ್ನುವ ಅಂಕಿಯನ್ನು ಹಾಗೇ ಬಿಟ್ಟು ಹೋದರೆ ಶುಕ್ರವಾರದ ಮೀಟಿಂಗಿನಲ್ಲಿ ಕಂಪನಿಯವರು ಅದನ್ನೇ ದೊಡ್ಡ ಅಕ್ಷರದಲ್ಲಿ ತೋರಿಸುತ್ತಾರೆ. ಸ್ವಲ್ಪ ಗಾಳಿ ತೆಗೆಯುತ್ತೇನೆ.

ಒಂದು: ಆ ಅಧ್ಯಯನಗಳಲ್ಲಿ ಯಾರು ಯಾವ ಗುಂಪು ಅನ್ನುವುದು ಮೊದಲೇ ಗೊತ್ತಿತ್ತು. ಆತ್ಮಹತ್ಯೆಯ ಯೋಚನೆ ಅಂತಲೇ ಬಂದವನನ್ನೂ ಮೂಳೆ ಮುರಿದುಕೊಂಡು ಬಂದವನನ್ನೂ ಬೇರೆ ಮಾಡುವುದು ಸುಲಭದ ಪರೀಕ್ಷೆ. ಸಿಸ್ಟರ್‌ಗೆ ಬೇಕಾಗಿರುವುದು ಬೇರೆ. "ಎದೆನೋವು" ಅಂತ ಬಂದು, ಫಾರ್ಮಿಗೆ "ಇಲ್ಲ" ಅಂದು, ಒಳಗೊಳಗೇ ಸಾಯುವ ಯೋಚನೆ ಇರುವವನು ಸಿಗಬೇಕು.

ಎರಡು: ಈಗ ಯೋಚನೆ ಇದೆಯಾ ಅನ್ನುವುದೂ, ಮುಂದಿನ ತಿಂಗಳು ಏನು ಮಾಡುತ್ತಾನೆ ಅನ್ನುವುದೂ ಬೇರೆ ಬೇರೆ ಪ್ರಶ್ನೆ. "ಅಪಾಯ" ಅನ್ನುವ ಒಂದೇ ಪದದಲ್ಲಿ ಎರಡನ್ನೂ ಕಟ್ಟಿ ಮಾರುತ್ತಾರೆ. ಭವಿಷ್ಯ ಹೇಳುವುದರಲ್ಲಿ ನಮ್ಮ ಚರಿತ್ರೆ ಕೆಟ್ಟದಾಗಿದೆ. 2017ರಲ್ಲಿ ಜೋಸೆಫ್ ಫ್ರಾಂಕ್ಲಿನ್ ಮತ್ತು ಜೊತೆಗಾರರು 50 ವರ್ಷಗಳ 365 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ನಾವು ನಂಬಿಕೊಂಡು ಬಂದ ಅಪಾಯದ ಅಂಶಗಳು ಒಂದೊಂದೂ ಸುಮ್ನೆ ಊಹಿಸುವುದಕ್ಕಿಂತ ಕೂದಲೆಳೆಯಷ್ಟು ಮೇಲೆ, ಅಷ್ಟೇ.

ಮೂರನೆಯದು ಲೆಕ್ಕ. ಇದು ಬರೀ ಉದಾಹರಣೆ, ಯಾವ ಆಸ್ಪತ್ರೆಯ ಅಂಕಿಯೂ ಅಲ್ಲ. 10,000 ಜನ ಬಂದರು ಅಂದುಕೊಳ್ಳಿ. ಅವರಲ್ಲಿ 50 ಜನ ಮುಂದಿನ ತಿಂಗಳಲ್ಲಿ ಪ್ರಯತ್ನ ಮಾಡುವವರು. ಯಂತ್ರ ಎರಡೂ ಕಡೆ ನೂರಕ್ಕೆ 90 ಸರಿ. ಆ 50ರಲ್ಲಿ 45 ಜನರಿಗೆ ಕೆಂಪು ಬರುತ್ತದೆ. ಬಹಳ ಒಳ್ಳೆಯದು. ಉಳಿದ 9,950 ಜನರಲ್ಲಿ 995 ಮಂದಿಗೂ ಕೆಂಪು ಬರುತ್ತದೆ. ಒಟ್ಟು 1,040 ಕೆಂಪು, ಅದರಲ್ಲಿ ನಿಜ 45. ಸುಮಾರು 23 ಕೆಂಪಿಗೆ ಒಂದು ನಿಜ. ಮತ್ತೆ 5 ಜನ ಹಸಿರು ಬಣ್ಣ ಹೊತ್ತುಕೊಂಡು ಮನೆಗೆ ಹೋಗುತ್ತಾರೆ.

ಚಿಕಿತ್ಸೆ ಹೇಗಿರಬೇಕು ಅಂತ ವೈದ್ಯರಿಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ನೇರವಾಗಿ ಹೇಳಿಬಿಟ್ಟಿದೆ. ಮುಂದೆ ಆತ್ಮಹತ್ಯೆ ಆಗುತ್ತದೆಯೇ ಎಂದು ಊಹಿಸಲು ಅಪಾಯ ಅಳೆಯುವ ಮಾಪಕಗಳನ್ನು ಬಳಸಬೇಡಿ. ಕಡಿಮೆ, ಮಧ್ಯಮ, ಹೆಚ್ಚು ಅಂತ ಜನರನ್ನು ಗುಂಪು ಮಾಡಬೇಡಿ. ಯಾರಿಗೆ ಚಿಕಿತ್ಸೆ, ಯಾರನ್ನು ಮನೆಗೆ ಕಳಿಸುವುದು ಅಂತ ಅದರ ಮೇಲೆ ನಿರ್ಧರಿಸಬೇಡಿ. ನಿಮ್ಮ ಹಸಿರು ಹಳದಿ ಕೆಂಪು ಇನ್ನೇನು ಮತ್ತೆ?

ಸುಮ್ನೆಕೂತವನು | ಸೋಮವಾರ, ಮಧ್ಯಾಹ್ನ 1:32

ಅಂದರೆ 23 ಜನರ ಹತ್ತಿರ ಕೂತು ಮಾತಾಡಿದರೆ ಒಬ್ಬ ಸಿಗುತ್ತಾನೆ. ಉಳಿದ 22 ಜನರ ಹತ್ತಿರ ಯಾರೋ ಕೂತು ಮಾತಾಡಿದ ಹಾಗಾಯಿತು. ಇದರಲ್ಲಿ ನಷ್ಟ ಏನು?

ಶೇಕಡಾಸಂಶಯ | ಸೋಮವಾರ, ಮಧ್ಯಾಹ್ನ 1:50

ಮಾತಾಡಿದರೆ ನಷ್ಟ ಇಲ್ಲ. ಕೆಂಪು ಬಂದ ತಕ್ಷಣ ಬಾಗಿಲಿಗೆ ಗಾರ್ಡ್ ನಿಲ್ಲಿಸಿ, ಫೋನ್ ಕಿತ್ತುಕೊಂಡು, ಇಷ್ಟವಿಲ್ಲದಿದ್ದರೂ ಅಡ್ಮಿಟ್ ಮಾಡಿದರೆ ನಷ್ಟ ಇದೆ. ಆ 22 ಜನ ಮತ್ತೆ ಆಸ್ಪತ್ರೆಯ ಕಡೆ ತಲೆ ಹಾಕಲ್ಲ. ಬಣ್ಣಕ್ಕಿಂತ ಬಣ್ಣ ಬಂದಮೇಲೆ ಏನು ಮಾಡುತ್ತೀರಿ ಅನ್ನುವುದು ಮುಖ್ಯ. ಆದರೂ ನಿಮ್ಮ ಮಾತು ತಲೆಯಲ್ಲಿ ಉಳಿಯಿತು.

ನುಡಿಹುಳ | ಸೋಮವಾರ, ಸಂಜೆ 6:10

ನಾನು ಭಾಷಾವಿಜ್ಞಾನ ಓದಿದವಳು. ಮೇಲಿನವರು ಯಾರೂ ಕೇಳದ ಒಂದು ಪ್ರಶ್ನೆ: ಯಾವ ಭಾಷೆಯಲ್ಲಿ? ಮೇಲೆ ಹೇಳಿದ ಕೆಲಸವೆಲ್ಲ ಇಂಗ್ಲಿಷಿನದು.

ಎರಡು ಪ್ರಸಿದ್ಧ ಗುರುತುಗಳನ್ನು ನೋಡಿ. 2001ರಲ್ಲಿ ಶ್ಯಾನನ್ ಸ್ಟರ್ಮನ್ ಮತ್ತು ಜೇಮ್ಸ್ ಪೆನ್ನೆಬೇಕರ್ 18 ಕವಿಗಳ ಸುಮಾರು 300 ಕವನ ತೆಗೆದುಕೊಂಡು ಎಣಿಸಿದರು. ಆತ್ಮಹತ್ಯೆ ಮಾಡಿಕೊಂಡ ಕವಿಗಳಲ್ಲಿ "ನಾನು, ನನ್ನ, ನನಗೆ" ಜಾಸ್ತಿ ಇತ್ತು. ಇನ್ನೊಂದು 2018ರದು. ಅಂತರ್ಜಾಲದಲ್ಲಿ ಜನ ಬರೆದದ್ದನ್ನು ನೋಡಿದಾಗ, ಆತ್ಮಹತ್ಯೆಯ ಯೋಚನೆ ಬಗ್ಗೆ ಮಾತಾಡುವ ಕಡೆ "ಯಾವಾಗಲೂ, ಎಂದಿಗೂ ಇಲ್ಲ, ಪೂರ್ತಿ" ಅನ್ನುವಂಥ ಅತಿರೇಕದ ಪದಗಳು ಬೇರೆ ಕಡೆಗಿಂತ ಸುಮಾರು ನೂರಕ್ಕೆ 80ರಷ್ಟು ಹೆಚ್ಚಿದ್ದವು.

ಈಗ ಇದನ್ನು ಕನ್ನಡಕ್ಕೆ ತನ್ನಿ. "ಸಾಕಾಗಿ ಹೋಗಿದೆ." ಇದರಲ್ಲಿ "ನಾನು" ಎಲ್ಲಿದೆ? ಎಲ್ಲೂ ಇಲ್ಲ. ಆದರೆ ಕೇಳಿದವರಿಗೆಲ್ಲ ಗೊತ್ತು ಯಾರಿಗೆ ಸಾಕಾಗಿದೆ ಅಂತ. "ಮಲಗಿದೆ, ನಿದ್ದೆ ಬರಲಿಲ್ಲ, ಎದ್ದು ಕೂತೆ." ಮೂರು ವಾಕ್ಯ, ಮೂರರಲ್ಲೂ ಅವನೇ, "ನಾನು" ಒಂದೂ ಇಲ್ಲ. ಎರಡು ಕಡೆ ಕ್ರಿಯಾಪದದ ಬಾಲದಲ್ಲಿ ಕೂತಿದ್ದಾನೆ, ಒಂದು ಕಡೆ ಅದೂ ಇಲ್ಲ. ಇಂಗ್ಲಿಷಿನಲ್ಲಿ "ನಾನು" ಎಣಿಸಿದ ಹಾಗೆ ಇಲ್ಲಿ ಎಣಿಸಿದರೆ ಸೊನ್ನೆ ಬರುತ್ತದೆ.

ಅತಿರೇಕದ ಪದಗಳ ಕಥೆ ಇನ್ನೂ ಮಜವಾಗಿದೆ. ಮಜ ಅನ್ನಬಾರದು, ವಿಷಯ ಹಾಗಿಲ್ಲ. ಆದರೂ ನೋಡಿ. "ಯಾರು ಬರ್ತಾರೆ" ಅನ್ನುವುದೂ "ಯಾರೂ ಬರಲ್ಲ" ಅನ್ನುವುದೂ. ನಮ್ಮಲ್ಲಿ ಅತಿರೇಕ ಒಂದು ದೀರ್ಘ ಸ್ವರದಲ್ಲಿ ಇರುತ್ತದೆ. ಯಾರೂ, ಏನೂ, ಎಲ್ಲೂ, ಎಂದೂ. ಮಾತನ್ನು ಬರಹಕ್ಕೆ ಇಳಿಸುವ ಸಾಫ್ಟ್‌ವೇರ್ ಆ ಒಂದು ಸ್ವರ ತಪ್ಪಿಸಿದರೆ ಮನುಷ್ಯನ ಒಂಟಿತನ ಅಳಿಸಿಹೋಗುತ್ತದೆ. ಅದರಲ್ಲೂ ಅಳುತ್ತಾ ಮಾತಾಡುವವರ, ಪದ ನುಂಗುವವರ ಮಾತು.

ತಿರುಗಾಮುರುಗಾ ಕೂಡ ಆಗುತ್ತದೆ. "ನಕ್ಕು ನಕ್ಕು ಸತ್ತೇ ಹೋದೆ." "ಹಾಳಾಗಿ ಹೋಗ್ಲಿ ಬಿಡು." "ಪ್ರಾಣ ತಿಂತಾನೆ." ಸಾವು ನಮ್ಮ ಮಾತಿನಲ್ಲಿ ಚಿಲ್ಲರೆ ಕಾಸಿನ ಹಾಗೆ ಓಡಾಡುತ್ತದೆ. ಪದ ಎಣಿಸಿದರೆ ಅಜ್ಜಿಯಂದಿರೆಲ್ಲ ಕೆಂಪು. ಇನ್ನೊಂದು ಕಡೆ, ನಿಜವಾಗಿ ಅಪಾಯದಲ್ಲಿರುವವರು ಸಾವು ಅನ್ನುವ ಪದವನ್ನೇ ತರದೆ "ಇನ್ನು ನನ್ನಿಂದ ಯಾರಿಗೂ ತೊಂದರೆ ಇರಲ್ಲ" ಅನ್ನಬಹುದು. ತಾನು ಬೇರೆಯವರಿಗೆ ಹೊರೆ ಅನ್ನುವ ಭಾವನೆ ಎಷ್ಟು ಅಪಾಯದ್ದು ಅಂತ ಥಾಮಸ್ ಜಾಯ್ನರ್ 2005ರಲ್ಲಿ ಒಂದು ಸಿದ್ಧಾಂತವನ್ನೇ ಕಟ್ಟಿದ್ದಾರೆ. ಆ ವಾಕ್ಯದಲ್ಲಿ ಒಂದೂ ಕೆಟ್ಟ ಪದ ಇಲ್ಲ, ಗಮನಿಸಿ. ವಿನಯದ ಮಾತಿನ ಹಾಗೇ ಕೇಳುತ್ತದೆ.

ಸಿಸ್ಟರ್, ಕಂಪನಿಯವರನ್ನು ಕೇಳಿ: ಇದನ್ನು ನಮ್ಮ ರೋಗಿಗಳು ಮಾತಾಡುವ ಭಾಷೆಯಲ್ಲಿ ಕಲಿಸಿದ್ದೀರಾ, ಇಲ್ಲ ಅನುವಾದ ಮಾಡಿ ಇಂಗ್ಲಿಷ್ ಯಂತ್ರಕ್ಕೆ ಉಣಿಸುತ್ತೀರಾ?

ಪದಎಣಿಕೆ | ಸೋಮವಾರ, ಸಂಜೆ 7:02

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. "ಯಾರೂ" ಉದಾಹರಣೆ ನಾಳೆ ಆಫೀಸಿನಲ್ಲಿ ಹೇಳುತ್ತೇನೆ. ಹೊಸ ಭಾಷಾ ಮಾದರಿಗಳು ಪದ ಎಣಿಸುವುದಿಲ್ಲ, ಇಡೀ ವಾಕ್ಯದ ಸಂದರ್ಭ ಹಿಡಿಯುತ್ತವೆ. "ನಕ್ಕು ನಕ್ಕು ಸತ್ತೆ" ಅನ್ನುವುದು ಅವಕ್ಕೆ ಗೊತ್ತಾಗುತ್ತದೆ. ಆದರೆ ಕೆಂಪು ಯಾಕೆ ಬಂತು ಅಂತ ವಿವರಿಸುವುದು ಅವುಗಳಲ್ಲಿ ಇನ್ನೂ ಕಷ್ಟ. ಹಳೆಯ ಎಣಿಕೆಯ ಯಂತ್ರವಾದರೆ ಯಾವ ಪದಕ್ಕೆ ಎಷ್ಟು ತೂಕ ಅಂತ ತೋರಿಸಬಹುದಿತ್ತು.

ಎರಡನೇಸಲ | ಸೋಮವಾರ, ರಾತ್ರಿ 10:48

ಬರೆಯಬೇಕೋ ಬೇಡವೋ ಅಂತ ಸಂಜೆಯಿಂದ ಯೋಚಿಸುತ್ತಿದ್ದೆ. ನಾನು ಆ ಫಾರ್ಮಿನ ಇನ್ನೊಂದು ಕಡೆ ಇದ್ದವನು. 7 ವರ್ಷದ ಹಿಂದೆ. ಈಗ ಚೆನ್ನಾಗಿದ್ದೇನೆ.

ಮೊದಲ ಸಲ ಎಮರ್ಜೆನ್ಸಿಗೆ ಹೋದಾಗ ಇನ್ನೂ ಏನೂ ಮಾಡಿಕೊಂಡಿರಲಿಲ್ಲ. ನಿದ್ದೆ ಇಲ್ಲ, ಎದೆ ಹೊಡೆದುಕೊಳ್ಳುತ್ತದೆ ಅಂತ ಹೋಗಿದ್ದೆ. ಒಬ್ಬರು ಕಂಪ್ಯೂಟರ್ ನೋಡುತ್ತಲೇ ಕೇಳಿದರು. "ಸಿಗರೇಟ್ ಇದೆಯಾ? ಅಲರ್ಜಿ ಇದೆಯಾ? ಸಾಯಬೇಕು ಅನ್ನಿಸಿದೆಯಾ?" ಅಲರ್ಜಿ ಕೇಳಿದ ದನಿಯಲ್ಲೇ. ನಾನು "ಇಲ್ಲ" ಅಂದೆ. ಮೂರಕ್ಕೂ ಇಲ್ಲ. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಹೌದು ಅಂದರೆ ಅವರ ಕೆಲಸ ಜಾಸ್ತಿ ಆಗುತ್ತದಲ್ಲ ಅನ್ನಿಸಿತು. ನುಡಿಹುಳ ಅವರು ಹೊರೆ ಅಂತ ಬರೆದಿದ್ದು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ಎರಡನೇ ಸಲ ಸ್ಟ್ರೆಚರ್ ಮೇಲೆ ಹೋದೆ. ಆಗ ಒಬ್ಬ ಡಾಕ್ಟರ್ ಕುರ್ಚಿ ಎಳೆದುಕೊಂಡು ಕೂತು "ಒಳಗೆ ತುಂಬ ನೋವಾಗ್ತಿದೆಯಾ?" ಅಂತ ಕೇಳಿ ಸುಮ್ಮನಾದರು. ಎಷ್ಟು ಹೊತ್ತು ಸುಮ್ಮನಿದ್ದರು ಅಂದರೆ ನನಗೇ ಮುಜುಗರವಾಗಿ ಮಾತಾಡಲು ಶುರುಮಾಡಿದೆ. ಆಮೇಲೆ ನಿಲ್ಲಿಸಲು ಆಗಲಿಲ್ಲ.

ಯಂತ್ರದ ಬಗ್ಗೆ ನನ್ನ ಅಭಿಪ್ರಾಯ: ಮೊದಲ ಸಲ ಟ್ಯಾಬ್ ಇದ್ದಿದ್ದರೆ, ಅದಕ್ಕೋಸ್ಕರವಾದರೂ ಆ ಐದು ಪ್ರಶ್ನೆ ಯಾರಾದರೂ ಕೇಳುತ್ತಿದ್ದರೇನೋ. ಆದರೆ ನನಗೆ ಹೇಳದೆ ದನಿ ರೆಕಾರ್ಡ್ ಮಾಡಿದ್ದರು ಅಂತ ಆಮೇಲೆ ಗೊತ್ತಾಗಿದ್ದರೆ, ಎರಡನೇ ಸಲ ಒಂದು ಅಕ್ಷರ ಬಾಯಿ ಬಿಡುತ್ತಿರಲಿಲ್ಲ.

ಇನ್ನೊಂದು. ಡಿಸ್ಚಾರ್ಜ್ ಆದ ಮೂರನೇ ದಿನ ಆಸ್ಪತ್ರೆಯಿಂದ ಫೋನ್ ಬಂತು. "ಹೇಗಿದ್ದೀರಿ, ರಾತ್ರಿ ನಿದ್ದೆ ಬಂತಾ" ಅಷ್ಟೇ. ಎರಡು ನಿಮಿಷವೂ ಇಲ್ಲ. ಆ ಫೋನ್ ನನಗೆ ಇವತ್ತಿಗೂ ನೆನಪಿದೆ.

ರಾತ್ರಿಪಾಳಿ | ಮಂಗಳವಾರ, ಬೆಳಿಗ್ಗೆ 7:55

ಬರೆದಿದ್ದಕ್ಕೆ ತುಂಬ ಥ್ಯಾಂಕ್ಸ್ ಅಣ್ಣ. ಕಂಪ್ಯೂಟರ್ ನೋಡುತ್ತಾ ಕೇಳಿದ ಆ ಒಬ್ಬರು ನಾನೂ ಆಗಿರಬಹುದಿತ್ತು. ಎಷ್ಟೋ ಸಲ ಹಾಗೇ ಕೇಳಿದ್ದೇನೆ.

ಮನೋಒಪಿಡಿ | ಮಂಗಳವಾರ, ಮಧ್ಯಾಹ್ನ 3:30

ಮನೋವೈದ್ಯ ನಾನು. ಒಪಿಡಿ ಈಗ ಮುಗಿಯಿತು. ಎರಡನೇಸಲ ಅವರೇ, ನೀವು ಬರೆದ ಮೂರನೇ ದಿನದ ಫೋನ್ ಇದೆಯಲ್ಲ, ಅದು ಬರೀ ಸೌಜನ್ಯ ಅಲ್ಲ. ಈ ಇಡೀ ಕ್ಷೇತ್ರದಲ್ಲಿ ಒಳ್ಳೆಯ ಪುರಾವೆ ಇರುವ ಕೆಲವೇ ವಿಷಯಗಳಲ್ಲಿ ಅದೂ ಒಂದು.

ಅಮೆರಿಕದ 8 ಎಮರ್ಜೆನ್ಸಿ ವಿಭಾಗಗಳಲ್ಲಿ 1,376 ರೋಗಿಗಳ ಮೇಲೆ ಒಂದು ದೊಡ್ಡ ಅಧ್ಯಯನ ಆಯಿತು, 2017ರಲ್ಲಿ ಪ್ರಕಟವಾಯಿತು. ಮೂರು ಹಂತ. ಮೊದಲು ಎಂದಿನ ಹಾಗೆ. ಆಮೇಲೆ ಬಂದ ಎಲ್ಲರಿಗೂ ಆತ್ಮಹತ್ಯೆಯ ಬಗ್ಗೆ ಪ್ರಶ್ನೆ. ಕೊನೆಗೆ ಪ್ರಶ್ನೆಯ ಜೊತೆಗೆ ಸುರಕ್ಷತಾ ಯೋಜನೆ, ಮತ್ತು ಮನೆಗೆ ಹೋದಮೇಲೆ ಒಂದು ವರ್ಷ ಆಗಾಗ ಫೋನ್. ವರ್ಷದೊಳಗೆ ಪ್ರಯತ್ನ ಮಾಡಿದವರು ಮೊದಲ ಹಂತದಲ್ಲಿ ನೂರಕ್ಕೆ ಸುಮಾರು 23. ಎರಡನೇ ಹಂತದಲ್ಲಿ ಸುಮಾರು 21.5, ಅಂದರೆ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಮೂರನೇ ಹಂತದಲ್ಲಿ ಸುಮಾರು 18.

ಇದನ್ನು ಮೀಟಿಂಗಿನಲ್ಲಿ ಗಟ್ಟಿಯಾಗಿ ಓದಿ ಸಿಸ್ಟರ್. ಪತ್ತೆ ಹಚ್ಚಿದ್ದರಿಂದ ಮಾತ್ರ ಏನೂ ಬದಲಾಗಲಿಲ್ಲ. ಪತ್ತೆ ಹಚ್ಚಿದ ಮೇಲೆ ಕೈ ಹಿಡಿದದ್ದರಿಂದ ಬದಲಾಯಿತು. 2018ರಲ್ಲಿ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ಅವರ ತಂಡ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನೋಡಿದಾಗಲೂ ಇದೇ. ಸುರಕ್ಷತಾ ಯೋಜನೆಯ ಜೊತೆಗೆ ಫೋನ್ ಬಂದವರಲ್ಲಿ ಮುಂದಿನ 6 ತಿಂಗಳಲ್ಲಿ ಆತ್ಮಹತ್ಯೆಯ ವರ್ತನೆ ನೂರಕ್ಕೆ 45ರಷ್ಟು ಕಡಿಮೆ ಇತ್ತು. ಸುರಕ್ಷತಾ ಯೋಜನೆ ಅಂದರೆ ಒಂದು ಹಾಳೆ. ಮನಸ್ಸು ಹದಗೆಡುವ ಮೊದಲ ಲಕ್ಷಣ ಯಾವುದು, ಆಗ ನಾನೇ ಏನು ಮಾಡಬಹುದು, ಯಾರ ಹತ್ತಿರ ಹೋಗಿ ಕೂರಬಹುದು, ಯಾರಿಗೆ ಫೋನ್ ಮಾಡಬಹುದು, ಅಪಾಯದ ವಸ್ತು ಕೈಗೆ ಸಿಗದಂತೆ ಹೇಗೆ ದೂರ ಇಡುವುದು. ರೋಗಿಯೂ ನಾವೂ ಕೂತು, ಅವರದೇ ಮಾತಿನಲ್ಲಿ ಬರೆಯುವುದು.

ಹಾಗಂತ ಯಂತ್ರಕ್ಕೆ ಜಾಗವೇ ಇಲ್ಲ ಅಂತ ನಾನು ಹೇಳಲ್ಲ. ಶೇಕಡಾಸಂಶಯ ಅವರ ಲೆಕ್ಕ ಸರಿ, ಆದರೆ ಫಾರ್ಮ್ ಅದಕ್ಕಿಂತ ಒಳ್ಳೆಯದು ಅಂತ ಅಂದುಕೊಳ್ಳಬೇಡಿ. 2003ರ ಒಂದು ಅಧ್ಯಯನದಲ್ಲಿ ಆಸ್ಪತ್ರೆಯಲ್ಲಿದ್ದಾಗ ಇಲ್ಲವೇ ಬಿಡುಗಡೆ ಆದ ಕೂಡಲೇ ಆತ್ಮಹತ್ಯೆ ಮಾಡಿಕೊಂಡ 76 ಜನರ ಕೇಸ್ ಶೀಟ್ ತೆಗೆದು ನೋಡಿದರು. ಕೊನೆಯ ಸಲ ಕೇಳಿದಾಗ ನೂರಕ್ಕೆ 78 ಮಂದಿ "ಅಂಥ ಯೋಚನೆ ಇಲ್ಲ" ಅಂದಿದ್ದರು. "ಇಲ್ಲ" ಅನ್ನುವ ಪದ ಒಂದನ್ನೇ ನಂಬಿದರೆ ನಾವು ಸೋಲುತ್ತೇವೆ. ಅದನ್ನು ಹೇಗೆ ಹೇಳಿದರು ಅಂತ ಕೇಳಿಸಿಕೊಳ್ಳಲು ಇನ್ನೊಂದು ಕಿವಿ ಸಿಕ್ಕರೆ ನನಗೇನೂ ತಕರಾರಿಲ್ಲ.

ಇನ್ನೊಂದು ಹೆದರಿಕೆ ಹೋಗಬೇಕು. ಕೇಳಿದರೆ ಆ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅಂತ ಈಗಲೂ ಜೂನಿಯರ್‌ಗಳು ಹಿಂಜರಿಯುತ್ತಾರೆ. ಆಗುವುದಿಲ್ಲ. ಇದನ್ನು ಬೇಕಾದಷ್ಟು ಸಲ ಪರೀಕ್ಷೆ ಮಾಡಿ ನೋಡಿದ್ದಾರೆ. ನೇರವಾಗಿ ಕೇಳಿ.

ನೋಂದಣಿಗೆರೆ | ಮಂಗಳವಾರ, ಸಂಜೆ 5:15

ನಾನು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಇರುವವನು. ದನಿ ಎಲ್ಲಿ ಉಳಿಯುತ್ತದೆ ಅಂತ ಕೇಳಿ. ಟ್ಯಾಬಿನಲ್ಲಾ, ಕಂಪನಿಯ ಸರ್ವರಿನಲ್ಲಾ? ಎಷ್ಟು ದಿನ? ಯಂತ್ರವನ್ನು ಇನ್ನಷ್ಟು ಕಲಿಸಲು ಅದೇ ದನಿ ಬಳಸುತ್ತಾರಾ? ಹೆಸರು ತೆಗೆದರೆ ಸಾಕು ಅನ್ನುತ್ತಾರೆ. ದನಿಯೇ ಗುರುತು, ಹೆಸರು ತೆಗೆದು ಏನು ಬಂತು?

2022ರಲ್ಲಿ ಅಮೆರಿಕದ ಕ್ರೈಸಿಸ್ ಟೆಕ್ಸ್ಟ್ ಲೈನ್ ಅನ್ನುವ ಸಹಾಯವಾಣಿ, ಕಷ್ಟದಲ್ಲಿದ್ದವರ ಸಂದೇಶಗಳನ್ನು ಗುರುತು ಅಳಿಸಿ ತನ್ನದೇ ನಂಟಿನ ಒಂದು ವ್ಯಾಪಾರಿ ಕಂಪನಿಗೆ ಕೊಡುತ್ತಿತ್ತು ಅನ್ನುವುದು ಹೊರಬಂದು ದೊಡ್ಡ ಗಲಾಟೆ ಆಯಿತು. ಕೊನೆಗೆ ನಿಲ್ಲಿಸಿದರು. ಅಷ್ಟು ಒಳ್ಳೆಯ ಉದ್ದೇಶದ ಜಾಗದಲ್ಲೇ ಹಾಗಾದರೆ ಲೆಕ್ಕ ಹಾಕಿ.

ಒಪ್ಪಿಗೆ ಯಾವಾಗ ಕೇಳುತ್ತೀರಿ ಅನ್ನುವುದೂ ಇದೆ. ಸ್ಟ್ರೆಚರ್ ಮೇಲಿರುವವರು ಯಾವ ಕಾಗದಕ್ಕೂ ಸಹಿ ಹಾಕುತ್ತಾರೆ.

ಶೇಕಡಾಸಂಶಯ | ಮಂಗಳವಾರ, ಸಂಜೆ 6:40

ಇದಕ್ಕೆ ಒಂದು ಸೇರಿಸಿ. ಯಾರ ಮಾತಿನ ಮೇಲೆ ಯಂತ್ರ ಕಲಿತಿದೆ? 2021ರಲ್ಲಿ ಅಮೆರಿಕದಲ್ಲಿ ಆಸ್ಪತ್ರೆ ದಾಖಲೆಗಳಿಂದ ಆತ್ಮಹತ್ಯೆಯ ಅಪಾಯ ಹೇಳುವ ಮಾದರಿಗಳನ್ನು ಪರೀಕ್ಷಿಸಿದಾಗ ಬಿಳಿಯರ ವಿಷಯದಲ್ಲಿ ಚೆನ್ನಾಗಿಯೇ ಕೆಲಸ ಮಾಡಿದವು. ಕಪ್ಪು ಜನರ, ಮೂಲನಿವಾಸಿಗಳ ವಿಷಯದಲ್ಲಿ ಬಹಳ ಕೆಟ್ಟದಾಗಿ ತಪ್ಪಿದವು. ಅದು ದಾಖಲೆಗಳ ಕಥೆ. ಮಾತಿನಲ್ಲಿ ಊರು, ವಯಸ್ಸು, ಓದು ಎಲ್ಲ ಬೆರೆತಿರುತ್ತದೆ, ಇನ್ನೂ ಎಚ್ಚರ ಬೇಕು.

ಪದಎಣಿಕೆ | ಮಂಗಳವಾರ, ರಾತ್ರಿ 9:20

ಒಪ್ಪುತ್ತೇನೆ. ನಾನೂ ಒಂದಷ್ಟು ಸೇರಿಸಿಬಿಡುತ್ತೇನೆ, ಒಳಗಿನವನಾಗಿ. ಡೆಮೊ ಮಾಡುವುದು ಯಾವಾಗಲೂ ಬಾಗಿಲು ಹಾಕಿದ ರೂಮಿನಲ್ಲಿ. ನಿಮ್ಮ ವಾರ್ಡಿನಲ್ಲಿ ಮಾನಿಟರ್ ಬೀಪ್ ಅನ್ನುತ್ತದೆ, ಆಂಬುಲೆನ್ಸ್ ಸದ್ದು, ಪಕ್ಕದವರ ಮಾತು. ಆ ಗದ್ದಲದಲ್ಲಿ ನಿಟ್ಟುಸಿರು ಹಿಡಿಯುವುದು ಹೇಗೆ? ಆತ್ಮಹತ್ಯೆಯ ಯೋಚನೆ ಇರುವವರ ದನಿಯಲ್ಲಿ ಉಸಿರು ಹೆಚ್ಚು ಬೆರೆತಿರುತ್ತದೆ ಅನ್ನುವ ಸಂಗತಿ ಕಂಡದ್ದು 16 ಹದಿಹರೆಯದವರ ಸಣ್ಣ ಅಧ್ಯಯನದಲ್ಲಿ. ಆಸ್ತಮಾ ಇರುವವರು ಬಂದರೆ? ಮದ್ಯದ ಅಮಲಿನಲ್ಲಿ ಬಂದರೆ? ನಿದ್ದೆಯ ಇಂಜೆಕ್ಷನ್ ಕೊಟ್ಟಮೇಲೆ ರೆಕಾರ್ಡ್ ಮಾಡಿದರೆ? ಮಗಳ ಬದಲು ತಾಯಿಯೇ ಉತ್ತರ ಹೇಳುತ್ತಿದ್ದರೆ ಯಂತ್ರ ಅಳೆಯುತ್ತಿರುವುದು ಯಾರನ್ನು?

ಕೆಂಪು ಎಲ್ಲಿಂದ ಶುರು ಅನ್ನುವ ಗೆರೆ ಹಾಕುವುದು ಮನುಷ್ಯರೇ. ಗೆರೆ ಕೆಳಗೆ ಇಳಿಸಿದರೆ ಯಾರೂ ತಪ್ಪುವುದಿಲ್ಲ, ಎಲ್ಲರೂ ಕೆಂಪು. ಮೇಲೆ ಏರಿಸಿದರೆ ವಾರ್ಡ್ ಶಾಂತ, ಆದರೆ ಜನ ತಪ್ಪಿಹೋಗುತ್ತಾರೆ. ಆ ಗೆರೆ ನಿಮ್ಮ ಆಸ್ಪತ್ರೆಯಲ್ಲಿ ಯಾರು ಹಾಕುತ್ತಾರೆ ಅಂತ ಕೇಳಿ. "ಅದು ಆಟೊಮ್ಯಾಟಿಕ್" ಅಂದರೆ ಎದ್ದು ಬನ್ನಿ.

ಸುಮ್ನೆಕೂತವನು | ಮಂಗಳವಾರ, ರಾತ್ರಿ 9:41

ಸಿಸ್ಟರ್ ಕೇಳಿದ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಟ್ಯಾಬ್ ಹಸಿರು, ಹೊಟ್ಟೆ ಕೆಂಪು. ಯಾರ ಮಾತು?

ಮನೋಒಪಿಡಿ | ಮಂಗಳವಾರ, ರಾತ್ರಿ 10:05

ಯಾವುದು ಕೆಂಪೋ ಅದರ ಮಾತು. ಎರಡರಲ್ಲಿ ಒಂದು ಕೆಂಪಾದರೂ ಕುರ್ಚಿ ಎಳೆದುಕೊಳ್ಳಿ. ಯಂತ್ರ ಒಬ್ಬರ ಕಡೆ ಹೋಗಿ ನೋಡು ಅಂತ ಹೇಳಬಹುದು. ಮನೆಗೆ ಕಳಿಸು ಅಂತ ಹೇಳುವ ಅಧಿಕಾರ ಅದಕ್ಕೆ ಇರಬಾರದು. ಇದನ್ನು ಬರಹದಲ್ಲಿ ಹಾಕಿಸಿಕೊಳ್ಳಿ. ನಾಳೆ ಏನಾದರೂ ಆದರೆ "ಟ್ಯಾಬ್ ಕೆಂಪು ತೋರಿಸಿತ್ತಲ್ಲ, ನೀವ್ಯಾಕೆ ಸುಮ್ಮನಿದ್ದಿರಿ" ಅಂತ ಕೇಳುವುದು ನಿಮ್ಮನ್ನೇ.

ರಾತ್ರಿಪಾಳಿ | ಶನಿವಾರ, ಬೆಳಿಗ್ಗೆ 9:10

ಮೀಟಿಂಗ್ ಮುಗಿಯಿತು. ಎಲ್ಲರಿಗೂ ವರದಿ ಒಪ್ಪಿಸುತ್ತೇನೆ.

ಭಾಷೆಯ ಪ್ರಶ್ನೆ ಕೇಳಿದಾಗ ಕಂಪನಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈಗ ಇಂಗ್ಲಿಷ್ ಮಾತ್ರ, ಉಳಿದದ್ದು ಅನುವಾದದ ಮೂಲಕ, "ಮುಂದಿನ ಹಂತದಲ್ಲಿ" ಬೇರೆ ಭಾಷೆ. ನಾನು "ಯಾರು" ಮತ್ತು "ಯಾರೂ" ಬೋರ್ಡಿನ ಮೇಲೆ ಬರೆದೆ. ನಮ್ಮ ವಿಭಾಗದ ಮುಖ್ಯಸ್ಥರು ನಕ್ಕುಬಿಟ್ಟರು, ಆಮೇಲೆ ಸುಮ್ಮನಾದರು. ದನಿ 90 ದಿನ ಅವರ ಸರ್ವರಿನಲ್ಲಿ ಇರುತ್ತದಂತೆ. ಕಲಿಸಲು ಬಳಸುತ್ತೀರಾ ಅಂದಾಗ "ಒಪ್ಪಂದದಲ್ಲಿ ನೋಡಬೇಕು" ಅಂದರು. ಗೆರೆ ಯಾರು ಹಾಕುತ್ತಾರೆ ಅಂದೆ. ಆಟೊಮ್ಯಾಟಿಕ್ ಅಂದರು. ಪದಎಣಿಕೆ ಸರ್, ಎದ್ದು ಬರಲಿಲ್ಲ, ಆದರೆ ಪೆನ್ ಮುಚ್ಚಿಟ್ಟೆ.

ಸದ್ಯಕ್ಕೆ ಖರೀದಿ ಇಲ್ಲ. ಆರು ತಿಂಗಳ ನಂತರ ಮತ್ತೆ ನೋಡೋಣ ಅಂದಿದ್ದಾರೆ.

ಆದರೆ ಗುರುವಾರ ರಾತ್ರಿ ಒಂದು ಕೆಲಸ ಮಾಡಿದೆ. ಟ್ಯಾಬ್ ಇಲ್ಲದೆ ಆ ಐದು ಪ್ರಶ್ನೆ ಒಬ್ಬರಿಗೆ ಕೇಳಿದೆ. ಫಾರ್ಮಿಗೆ "ಇಲ್ಲ" ಅಂದಿದ್ದವರು. ಜೊತೆಯಲ್ಲಿ ಬಂದಿದ್ದವರನ್ನು ಔಷಧಿ ತರಲು ಕಳಿಸಿ, ಪರದೆ ಪೂರ್ತಿ ಎಳೆದು, ಸ್ಟೂಲ್ ಮೇಲೆ ಕೂತೆ. ಆಸೆ, ಭಯ, ಸಿಟ್ಟಿಗೆ ಒಂದೊಂದು ಪದದ ಉತ್ತರ. ಗುಟ್ಟು ಇದೆಯಾ ಅಂದಾಗ ನನ್ನ ಮುಖ ನೋಡಿದರು. ನಾನು ಸುಮ್ಮನಿದ್ದೆ. ಸುಮ್ಮನಿರುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ, ಕೈ ತಾನಾಗಿ ಬಿಪಿ ಮೆಷಿನ್ ಕಡೆ ಹೋಗುತ್ತಿತ್ತು.

ಎರಡನೇಸಲ | ಶನಿವಾರ, ಬೆಳಿಗ್ಗೆ 9:48

ಮಾತಾಡಿದರಾ?

ರಾತ್ರಿಪಾಳಿ | ಶನಿವಾರ, ಬೆಳಿಗ್ಗೆ 10:02

ಮಾತಾಡಿದರು. ಏನು ಅನ್ನುವುದು ಅವರದು, ಇಲ್ಲಿ ಬರೆಯಲ್ಲ. ಮನೋವೈದ್ಯರು ಬರುವವರೆಗೆ ಅಲ್ಲೇ ಇದ್ದೆ. ನನ್ನ ಉಳಿದ ಬೆಡ್‌ಗಳನ್ನು ಜೊತೆಯ ಸಿಸ್ಟರ್ ನೋಡಿಕೊಂಡರು, ಬೈದುಕೊಂಡೇ.

ಆಮೇಲೆ ಮುಖ್ಯಸ್ಥರ ಹತ್ತಿರ ಹೋಗಿ, ಟ್ಯಾಬಿಗೆ ಇಟ್ಟ ದುಡ್ಡು ಹೇಗೂ ಉಳಿಯಿತಲ್ಲ, ಮನೆಗೆ ಹೋದವರಿಗೆ ಮೂರನೇ ದಿನ ಫೋನ್ ಮಾಡಲು ಒಬ್ಬರನ್ನು ಬಿಡಿ ಅಂತ ಕೇಳಿದೆ. ಒಬ್ಬರನ್ನು ಬಿಡಲು ಆಗಲ್ಲವಂತೆ. ಡ್ಯೂಟಿಯ ಜೊತೆಗೇ ಸರದಿಯ ಮೇಲೆ ಮಾಡಿಕೊಳ್ಳಿ ಅಂದರು. ಪಟ್ಟಿ ಹಾಕಿದ್ದೇವೆ. ಮೊದಲ ವಾರ ನನ್ನ ಹೆಸರು. ಭಾನುವಾರ ಒಂದು ಫೋನ್ ಇದೆ.